ತುಂಗಭದ್ರೆಯ ಆಚೆ ದಡ

ದೇವದುರ್ಗ ತಾಲ್ಲೂಕಿನ ಗೂಗಲ್ ಕೃಷ್ಣಾ ನದಿಯ ದಂಡೆಗೆ ಹತ್ತಿಕೊಂಡ ಊರು. ಅಲ್ಲಮಪ್ರಭುವಿನ ಗುಡಿಯಿಂದಾಗಿ ಸುತ್ತಲ ಸೀಮೆಗೆಲ್ಲ ಪರಿಚಿತ. 1948ರ ಸೆಪ್ಟೆಂಬರಿನವರೆಗೆ ಈ ಊರಿನವರು ಹೊಳೆ ದಾಟಿ ಆಚೆ ದಡಕ್ಕೆ ಹೋದರೂ ಅದು ಹೈದರಾಬಾದ್ ನಿಜಾಮನ ನೆಲವೇ. ಸರಕಾರದ ಬಗ್ಗೆ ನಾಲ್ಕು ಮಾತು ಬಾಯಿಬಿಟ್ಟು ಆಡಬೇಕೆಂದವರು ಬೆನ್ನು ತಿರುಗಿಸಿ ದಕ್ಷಿಣಕ್ಕೆ ನಡೆಯಬೇಕು, ಮಾನ್ವಿ ದಾಟಿ ತುಂಗಭದ್ರೆಯವರೆಗೂ ಹೋಗಬೇಕು. ಆ ಹೊಳೆಯ ಆಚೆಗೆ ಬ್ರಿಟಿಷರ ಮದರಾಸು ಪ್ರಾಂತ. ಅಲ್ಲೂ ಸ್ವಾತಂತ್ರ್ಯವಿರಲಿಲ್ಲ. ಆದರೆ ನಿಜಾಮನನ್ನು ಟೀಕಿಸಿ ಬರೆದದ್ದನ್ನು ಅಚ್ಚು ಹಾಕಲು, ಅಚ್ಚಾದದ್ದನ್ನು ಓದಲು ಅಲ್ಲಿ ನಿಜಾಮನ ಅಪ್ಪಣೆ ಬೇಕಿರಲಿಲ್ಲ.

ಎರಡು ಹೊಳೆಗಳ ನಡುವಿನ ಈ ದೋಆಬ್‌ನ ಇತಿಹಾಸವನ್ನು ಕದನಗಳ ಲೆಕ್ಕದಲ್ಲಿ ಹೇಳುವುದೇ ರೂಢಿ: ವಿಜಯನಗರ, ಬಹಮನಿ, ಆದಿಲ್‌ಶಾಹಿ. ಆ ಕಥೆ ಎಷ್ಟೋ ಸಲ ಬಂದಿದೆ. ಇಲ್ಲಿ ಬಾಯಿ ಕಟ್ಟಿಸಿಕೊಂಡವರ ಕಥೆಯನ್ನು ಯಾರಾದರೂ ಉದ್ದಕ್ಕೆ ಹೇಳಬೇಕು ಎಂದು ನನಗೆ ಬಹಳ ದಿನದಿಂದ ಅನಿಸಿದೆ. ಅದು ಮುಗಿದುಹೋದ ಕಥೆಯಲ್ಲ.

ರಾಯಚೂರು ಸೀಮೆಯನ್ನು ನಿಜಾಮ 1853ರಲ್ಲಿ ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದ. 1860ರಲ್ಲಿ ಅದು ಮರಳಿ ನಿಜಾಮರ ಕೈಗೆ ಬಂತು. ಆ ಹಸ್ತಾಂತರ ಆಗದೇ ಹೋಗಿದ್ದರೆ ಇಲ್ಲಿನ ಮುಂದಿನ ತೊಂಬತ್ತು ವರ್ಷಗಳ ಕಥೆ ಬೇರೆಯೇ ಆಗುತ್ತಿತ್ತು. ಕಚೇರಿಯ ಭಾಷೆ ಮೊದಲು ಫಾರಸಿ, ಆಮೇಲೆ ಉರ್ದು. ಅರ್ಜಿ, ಫೈಸಲಾ, ಪಹಣಿ ಎಲ್ಲವೂ ಅದರಲ್ಲೇ. ಕನ್ನಡ ಬಿಟ್ಟು ಬೇರೆ ಗೊತ್ತಿಲ್ಲದ ರೈತ ತನ್ನ ಹೊಲದ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಿತ್ತು, ಉತ್ತರವನ್ನೂ ಇನ್ನೊಬ್ಬರಿಂದಲೇ ಬರೆಸಬೇಕಿತ್ತು. ತನ್ನ ದೂರನ್ನು ತನ್ನ ಮಾತಿನಲ್ಲಿ ಹೇಳಲಾಗದವನ ಬಾಯಿಗೆ ಬೇರೆ ಬೀಗ ಬೇಕಿಲ್ಲ.

ಆದರೂ ಬೀಗ ಬಂತು. ಅಪ್ಪಣೆ ಇಲ್ಲದೆ ರಾಜಕೀಯ ಸಭೆ ಕೂಡದು ಎಂಬ ಕಟ್ಟಳೆ 1921ರಲ್ಲೇ ಹೊರಟಿತು. ಅಸಹಕಾರ ಮತ್ತು ಖಿಲಾಫತ್ ಚಳವಳಿಗಳ ಬಿಸಿ ತನ್ನ ರಾಜ್ಯಕ್ಕೆ ತಟ್ಟಬಾರದು ಎಂಬುದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಆತಂಕ. ದಶಕದ ಕೊನೆಗೆ ಬಂದ ಸುತ್ತೋಲೆ ಇನ್ನೂ ಬಿಗಿ. ಅದರ ಹೆಸರು ಗಸ್ತಿ ನಿಶಾನ್ 53. ಆ ಕಾಲದ ಕಾರ್ಯಕರ್ತರ ನೆನಪುಗಳಲ್ಲಿ ಈ 53 ಎಂಬ ಅಂಕಿ ಒಬ್ಬ ಕ್ರೂರ ಅಧಿಕಾರಿಯ ಹೆಸರಿನ ಹಾಗೆ ಮತ್ತೆ ಮತ್ತೆ ಬರುತ್ತದೆ. ಸಭೆ ಮಾಡುವವರು ಮುಂಚಿತವಾಗಿ ಪರವಾನಗಿ ಕೇಳಬೇಕು, ಸಭೆ ರಾಜಕೀಯದ್ದಲ್ಲ ಎಂದು ಸರಕಾರವನ್ನು ಒಪ್ಪಿಸಬೇಕು. ಯಾವುದು ರಾಜಕೀಯ ಎಂದು ತೀರ್ಮಾನಿಸುವವನು ಅದೇ ಅಧಿಕಾರಿ.

ಈ ಬಗೆಯ ಕಟ್ಟಳೆ ಕೆಲಸ ಮಾಡುವ ರೀತಿಯನ್ನು ಗಮನಿಸಬೇಕು. ಅದು ಯಾರನ್ನೂ ಜೈಲಿಗೆ ಹಾಕಬೇಕಾಗಿಲ್ಲ. ಪರವಾನಗಿ ಬರುವುದು ತಡವಾದರೆ ಸಾಕು, ಸಭೆ ತಾನೇ ನಿಂತುಹೋಗುತ್ತದೆ. ಎರಡು ಸಲ ಹೀಗಾದರೆ ಮೂರನೆಯ ಸಲ ಅರ್ಜಿ ಬರೆಯುವವರೇ ಇರುವುದಿಲ್ಲ. ಜನ ಹಿಂಬಾಗಿಲು ಹುಡುಕಿದರು: ಗ್ರಂಥಾಲಯ, ಸಾಹಿತ್ಯ ಸಂಘ, ಪಾಠಶಾಲೆ, ಜಾತ್ರೆಯ ಭಜನೆ. ಕನ್ನಡ, ತೆಲುಗು, ಮರಾಠಿ ಮೂರೂ ಭಾಷೆಯವರು ಭಾಷೆ ಮತ್ತು ಸಾಹಿತ್ಯದ ಹೆಸರಲ್ಲಿ ಒಟ್ಟುಗೂಡುವುದನ್ನು ಕಲಿತರು. 1934ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು, ಪಂಜೆ ಮಂಗೇಶರಾಯರು ಅಧ್ಯಕ್ಷರು. ಮಕ್ಕಳ ಪದ್ಯಗಳಿಂದ ಮನೆಮಾತಾದ ಆ ಸೌಮ್ಯ ಮೇಷ್ಟ್ರನ್ನು ಕಾಣಲು ಸೇರಿದ ಜನಕ್ಕೆ, ತಮ್ಮ ಮಾತಿನಲ್ಲಿ ಒಂದು ದೊಡ್ಡ ಸಭೆ ನಡೆಯುವುದನ್ನು ನೋಡುವುದೇ ಎಂಥ ಸಂಗತಿಯಾಗಿದ್ದಿರಬೇಕು!

ಇದಕ್ಕೂ ಮೊದಲೇ ಹೊಳೆ ದಾಟಿದವರು ಪಂಡಿತ ತಾರಾನಾಥರು. ಮಂಗಳೂರಿನಲ್ಲಿ 1891ರಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ವೈದ್ಯ ಕಲಿತು, 1920ರಲ್ಲಿ ರಾಯಚೂರಿನಲ್ಲಿ ಹಮ್ದರ್ದ್ ಶಾಲೆ ತೆರೆದರು. ಹಿಂದೂ ಮುಸ್ಲಿಂ ಮಕ್ಕಳು ಒಂದೇ ಬೆಂಚಿನ ಮೇಲೆ ಕೂತು ಓದಲಿ ಎಂಬುದು ಅವರ ಆಸೆ. ಕಬೀರನ ಮೇಲೆ ನಾಟಕ ಬರೆದವರು, ವೈದ್ಯ, ಸಂಗೀತ, ಧರ್ಮ, ಶಿಕ್ಷಣ ಎಲ್ಲದರಲ್ಲೂ ಕೈಯಾಡಿಸಿದವರು. ಅಂಥವರ ಮೇಲೂ ನಿಜಾಮ ಸರಕಾರದ ಕಣ್ಣು ಬಿತ್ತು. ಅವರು ರಾಯಚೂರು ಬಿಟ್ಟು ತುಂಗಭದ್ರೆಯ ಆಚೆ ದಡದಲ್ಲಿ, ಮದರಾಸು ಪ್ರಾಂತದ ನೆಲದಲ್ಲಿ, ಪ್ರೇಮಾಯತನ ಎಂಬ ಆಶ್ರಮ ಕಟ್ಟಿಕೊಂಡರು. ‘ಪ್ರೇಮ’ ಎಂಬ ಪತ್ರಿಕೆ ನಡೆಸಿದರು. ಮಾತಿಗೆ ಜಾಗವಿಲ್ಲದ ರಾಜ್ಯಕ್ಕೂ ಜಾಗವಿದ್ದ ರಾಜ್ಯಕ್ಕೂ ನಡುವೆ ಆಗ ಒಂದು ಹೊಳೆಯಷ್ಟೇ ಅಂತರ.

ರೈಲೂ ಒಂದು ದಾರಿಯಾಯಿತು. ಮುಂಬಯಿ ಕಡೆಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದರಾಸು ರೈಲ್ವೆ 1871ರಲ್ಲಿ ಕೂಡಿಕೊಂಡದ್ದು ರಾಯಚೂರಿನಲ್ಲೇ. ಹೊರಗಿನ ಹಲವು ಪತ್ರಿಕೆಗಳಿಗೆ ಹೈದರಾಬಾದ್ ಸಂಸ್ಥಾನದಲ್ಲಿ ಪ್ರವೇಶ ನಿಷೇಧವಿತ್ತು. ಆದರೆ ಎರಡು ಪ್ರಾಂತಗಳ ಸುದ್ದಿಯನ್ನು ಹೊತ್ತ ಗಾಡಿಗಳು ಹಗಲೂ ರಾತ್ರಿ ಊರ ನಡುವೆಯೇ ಹಾದುಹೋಗುವಾಗ ನಿಷೇಧಕ್ಕೆ ಎಷ್ಟು ಬಲ ಇದ್ದೀತು?

1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟಬೇಕಿತ್ತು. ಹುಟ್ಟುವ ಮೊದಲೇ, ಸೆಪ್ಟೆಂಬರಿನಲ್ಲಿ, ಸರಕಾರ ಅದನ್ನು ನಿಷೇಧಿಸಿತು. ಇನ್ನೂ ಸ್ಥಾಪನೆಯೇ ಆಗದ ಸಂಸ್ಥೆಯ ಮೇಲೆ ನಿಷೇಧ! ಅಕ್ಟೋಬರ್ 24ರಂದು ಸತ್ಯಾಗ್ರಹ ಆರಂಭವಾಯಿತು. ಅದೇ ಚಳಿಗಾಲದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ವಿದ್ಯಾರ್ಥಿಗಳು ವಂದೇ ಮಾತರಂ ಹಾಡಿದ್ದಕ್ಕೆ ನೂರಾರು ಜನರನ್ನು ಹೊರಹಾಕಲಾಯಿತು. ಕಿಡಿ ಗುಲ್ಬರ್ಗದ ಕಾಲೇಜಿಗೂ ಹಾರಿತು. ಹೊರಬಿದ್ದವರಲ್ಲಿ ಅನೇಕರನ್ನು ನಾಗಪುರ ವಿಶ್ವವಿದ್ಯಾಲಯ ಸೇರಿಸಿಕೊಂಡಿತು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಅವರಲ್ಲೊಬ್ಬರು. ಇಲ್ಲೂ ಮತ್ತೆ ಅದೇ ಮಾತು, ಗಡಿಯ ಆಚೆಗೊಂದು ಬಾಗಿಲು ತೆರೆದಿತ್ತು. ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆರವಾಗಲು 1946 ಬರಬೇಕಾಯಿತು.

1947ರ ಆಗಸ್ಟ್ 15ರಂದು ದೇಶವೆಲ್ಲ ಬಾವುಟ ಏರಿಸುತ್ತಿದ್ದಾಗ ಈ ಸೀಮೆಯಲ್ಲಿ ಅದೇ ಬಾವುಟ ಅಪರಾಧ. ಸ್ಟೇಟ್ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಮಾನಂದ ತೀರ್ಥರನ್ನು ಅದೇ ದಿನ ಬಂಧಿಸಿದರು. ನಿಜಾಮನ ಪರ ಆಯುಧ ಹಿಡಿದ ಖಾಸಿಂ ರಜ್ವಿಯ ರಜಾಕಾರರು ಹಳ್ಳಿಗಳಿಗೆ ನುಗ್ಗತೊಡಗಿದ ಮೇಲೆ ಜನ ಗಡಿ ದಾಟಿದರು. ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲಿ, ಅಂದರೆ ಆಗಿನ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ, ಶಿಬಿರ ನಡೆಸಿದರು. ನಿಜಾಮನ ಠಾಣೆ, ನಾಕಾಗಳ ಮೇಲಿನ ದಾಳಿಗಳು ಅಲ್ಲಿಂದ ಹೊರಟವು. ಹೋರಾಟದ ಶೌರ್ಯವನ್ನು ನಾವು ಪ್ರತಿವರ್ಷ ವಿಮೋಚನೆಯ ದಿನವಾದ ಸೆಪ್ಟೆಂಬರ್ 17ರಂದು ನೆನೆಯುತ್ತೇವೆ, ನೆನೆಯಬೇಕು. ಆ ದಿನ ಒಬ್ಬ ಪತ್ರಕರ್ತನ ಹೆಸರನ್ನೂ ಹೇಳಬೇಕು ಎಂಬುದು ನನ್ನ ಕೋರಿಕೆ.

ಅವನ ಹೆಸರು ಶೋಯಬುಲ್ಲಾ ಖಾನ್. ‘ತೇಜ್’, ‘ರಯ್ಯತ್’ ಪತ್ರಿಕೆಗಳಲ್ಲಿ ದುಡಿದು, ಅವು ಸರಕಾರದ ಸಿಟ್ಟಿಗೆ ಬಲಿಯಾದ ಮೇಲೆ 1947ರ ನವೆಂಬರಿನಲ್ಲಿ ‘ಇಮ್ರೋಜ್’ ಎಂಬ ಉರ್ದು ದಿನಪತ್ರಿಕೆ ತೆಗೆದ. ಹೈದರಾಬಾದ್ ಭಾರತದೊಂದಿಗೆ ಸೇರಬೇಕು, ರಜಾಕಾರರ ದೌರ್ಜನ್ಯ ನಿಲ್ಲಬೇಕು ಎಂದು ಉರ್ದುವಿನಲ್ಲೇ, ಮುಸ್ಲಿಂ ಓದುಗರ ಮುಂದೆಯೇ ಬರೆದ. ಬೆದರಿಕೆಗಳು ಬಂದವು. ಆದರೂ ವಿಲೀನವನ್ನು ಬೆಂಬಲಿಸಿ ಏಳು ಮಂದಿ ಮುಸ್ಲಿಮರು ಸಹಿ ಹಾಕಿದ ಹೇಳಿಕೆಯನ್ನು ಅಚ್ಚು ಹಾಕಿದ. 1948ರ ಆಗಸ್ಟ್ 21ರ ರಾತ್ರಿ ಪತ್ರಿಕೆಯ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದವನಿಗೆ ಬೀದಿಯಲ್ಲಿ ಗುಂಡು ಹೊಡೆದರು. ಕೈಯನ್ನು ಕತ್ತಿಯಿಂದ ಕಡಿದರು. ಬರೆಯುವ ಕೈ. ಬೆಳಗಾಗುವುದರೊಳಗೆ ಪ್ರಾಣ ಹೋಯಿತು. ಆಗ ಅವನಿಗೆ ಇನ್ನೂ 28 ತುಂಬಿರಲಿಲ್ಲ. ನಾಲ್ಕು ವಾರಗಳೊಳಗೆ, ಭಾರತ ಸರಕಾರದ ಪೊಲೀಸ್ ಕಾರ್ಯಾಚರಣೆಯಲ್ಲಿ, ನಿಜಾಮನ ಸೈನ್ಯ ಶರಣಾಯಿತು.

ಬಿಡುಗಡೆಯ ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಪೊಲೀಸ್ ಕಾರ್ಯಾಚರಣೆಯ ನಂತರ ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಸೇಡಿನ ಹತ್ಯೆಗಳಾದವು. ಅದನ್ನು ತಿಳಿಯಲು ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ನೇತೃತ್ವದ ತಂಡ 1948ರ ಕೊನೆಯಲ್ಲಿ ಊರೂರು ತಿರುಗಿ ವರದಿ ಕೊಟ್ಟಿತು. ಸತ್ತವರು ಕನಿಷ್ಠ 27,000ದಿಂದ 40,000 ಎಂಬುದು ಅದರ ಅಂದಾಜು. ಆ ವರದಿಯನ್ನು ಸ್ವತಂತ್ರ ಭಾರತದ ಸರಕಾರ ಪ್ರಕಟಿಸಲಿಲ್ಲ. ಸಾಮಾನ್ಯ ಓದುಗನಿಗೆ ಅದು ಸಿಕ್ಕಿದ್ದು 2013ರ ಹೊತ್ತಿಗೆ, ಅರವತ್ತೈದು ವರ್ಷಗಳ ಮೇಲೆ. ನಿಜಾಮ ಬಾಯಿ ಮುಚ್ಚಿಸಿದ್ದನ್ನು ನಾವು ಬೈಯುವಾಗ, ನಮ್ಮವರೇ ಒಂದು ಕಡತವನ್ನು ಮುಚ್ಚಿಟ್ಟದ್ದನ್ನೂ ಅದೇ ದನಿಯಲ್ಲಿ ಹೇಳಬೇಕು.

ಸಂವಿಧಾನ 1950ರಲ್ಲಿ ವಾಕ್ ಸ್ವಾತಂತ್ರ್ಯವನ್ನು ಹಕ್ಕು ಎಂದು ಬರೆಯಿತು. ಅದೇ ವರ್ಷ ‘ಕ್ರಾಸ್ ರೋಡ್ಸ್’ ವಾರಪತ್ರಿಕೆಯನ್ನು ತನ್ನ ಗಡಿಯೊಳಗೆ ಬರದಂತೆ ಮದರಾಸು ಸರಕಾರ ತಡೆದಾಗ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಹಿಂದೆ ನಮ್ಮವರಿಗೆ ಆಸರೆಯಾಗಿದ್ದ ಆಚೆ ದಡವೇ ಈಗ ಪತ್ರಿಕೆಯನ್ನು ತಡೆಯುತ್ತಿತ್ತು. ಮರುವರ್ಷವೇ ಮೊದಲ ತಿದ್ದುಪಡಿ ಬಂದು ‘ಸಾರ್ವಜನಿಕ ಸುವ್ಯವಸ್ಥೆ’ ಎಂಬ ಕಾರಣವನ್ನು ನಿರ್ಬಂಧಗಳ ಪಟ್ಟಿಗೆ ಸೇರಿಸಿತು. ಇಂದಿನ ಎಷ್ಟೋ ಆದೇಶಗಳು ನಿಂತಿರುವುದು ಆ ಎರಡು ಪದಗಳ ಮೇಲೆ. 1956ರಲ್ಲಿ ರಾಯಚೂರು ಕನ್ನಡ ನಾಡಿಗೆ ಸೇರಿತು. 1975ರ ತುರ್ತುಪರಿಸ್ಥಿತಿಯಲ್ಲಿ ಪತ್ರಿಕೆಗಳಿಗೆ ಸೆನ್ಸಾರ್ ಬಿತ್ತು. ಬೆಂಗಳೂರು ಜೈಲಿನಲ್ಲಿ ಆಸ್ತಮಾದಿಂದ ನರಳಿದ ನಟಿ ಸ್ನೇಹಲತಾ ರೆಡ್ಡಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ತೀರಿಕೊಂಡರು.

ಮೊಬೈಲು ಬಂದ ಮೇಲೆ ಮಾತಿಗೆ ನಾಕಾ ಎಂಬುದೇ ಇರುವುದಿಲ್ಲ ಎಂದು ನಮ್ಮಲ್ಲಿ ಅನೇಕರು ನಂಬಿದ್ದೆವು. ಗೂಗಲ್‌ನ ಹುಡುಗ ಕೃಷ್ಣೆಯ ದಂಡೆಯಲ್ಲಿ ಕೂತು ಬರೆದದ್ದನ್ನು ಮರುಕ್ಷಣ ದುಬೈನಲ್ಲಿ ದುಡಿಯುವ ಅಣ್ಣ ಓದಬಲ್ಲ. ಇದು ನಿಜಕ್ಕೂ ದೊಡ್ಡದು, ಅದರ ಬೆಲೆ ಕಡಿಮೆ ಮಾಡಬಾರದು. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮು 2009ರಿಂದ ಜಾರಿಗೆ ಬಂತು. ಯಾರಿಗಾದರೂ ‘ಕಿರಿಕಿರಿ’ ಉಂಟುಮಾಡುವ ಸಂದೇಶಕ್ಕೂ ಮೂರು ವರ್ಷ ಜೈಲು. ಸುಪ್ರೀಂ ಕೋರ್ಟು ಅದನ್ನು 2015ರ ಮಾರ್ಚ್ 24ರಂದು, ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ, ಪೂರ್ತಿ ಹೊಡೆದುಹಾಕಿತು.

ಮಾತಿನಿಂದ ಕೇಡಾಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಗಾಳಿಸುದ್ದಿ ನಂಬಿ ಜನ ಹೈದರಾಬಾದಿನ ಒಬ್ಬ ಯುವ ಎಂಜಿನಿಯರನನ್ನು ಹೊಡೆದು ಕೊಂದರು. ಅವನ ಜೊತೆಗಾರರು ಮಾಡಿದ್ದು ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದು. ಸುಳ್ಳಿಗೆ ಕಾಲು ಬಂದರೆ ಏನಾಗುತ್ತದೆ ಎಂಬುದು ನಮ್ಮ ನೆಲದಲ್ಲೇ ನಡೆದುಹೋಗಿದೆ. ಕೊಲೆಗೆ ಕಾನೂನಿದೆ, ಕೊಲೆಗೆ ಪ್ರಚೋದನೆ ಕೊಡುವುದಕ್ಕೂ ಕಾನೂನಿದೆ. ಅದೇ ಬೀದರಿನಲ್ಲಿ ಒಂದೂವರೆ ವರ್ಷದ ಮೇಲೆ ನಡೆದದ್ದನ್ನು ನೋಡಿದರೆ ಮಾತ್ರ, ಕಾನೂನು ಯಾರ ಬೆನ್ನು ಹತ್ತಿತ್ತು ಎಂದು ಎದೆ ಕುದಿಯುತ್ತದೆ.

2020ರ ಜನವರಿ 21. ಬೀದರಿನ ಶಾಹೀನ್ ಶಾಲೆಯಲ್ಲಿ ಚಿಕ್ಕ ಮಕ್ಕಳು ಒಂದು ನಾಟಕ ಆಡಿದರು. ಪೌರತ್ವ ತಿದ್ದುಪಡಿ ಕಾಯ್ದೆ ಮತ್ತು ಪೌರತ್ವ ನೋಂದಣಿಯ ಬಗ್ಗೆ ಮನೆಗಳಲ್ಲಿ ಹುಟ್ಟಿದ್ದ ಭಯ ಅದರ ವಸ್ತು. ಪ್ರಧಾನಿಯ ಬಗ್ಗೆ ಕಟುವಾದ ಒಂದು ಮಾತೂ ಅದರಲ್ಲಿತ್ತು. ಶಾಲೆಯ ಒಳಗಿನ ಕಾರ್ಯಕ್ರಮ. ನೋಡಿದವರೊಬ್ಬರು ಅದನ್ನು ಫೇಸ್‌ಬುಕ್‌ಗೆ ಹಾಕಿದರು. ಐದು ದಿನದಲ್ಲಿ ದೂರು, ರಾಜದ್ರೋಹದ ಮೊಕದ್ದಮೆ. ಜನವರಿ 30ರಂದು ಮುಖ್ಯೋಪಾಧ್ಯಾಯಿನಿಯನ್ನೂ ಒಬ್ಬ ವಿದ್ಯಾರ್ಥಿನಿಯ ತಾಯಿಯನ್ನೂ ಬಂಧಿಸಿದರು. ಆ ತಾಯಿ ಗಂಡನಿಲ್ಲದೆ ಮಗಳನ್ನು ಸಾಕುತ್ತಿದ್ದವರು. ಅವರು ಜೈಲಿನಲ್ಲಿದ್ದಷ್ಟು ದಿನ ಮಗು ಪರರ ಮನೆಯಲ್ಲಿ. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಹೋಗಿ ನಾಟಕವನ್ನು ಬರೆದವರು ಯಾರು, ಆ ಮಾತನ್ನು ಹೇಳಿಕೊಟ್ಟವರು ಯಾರು ಎಂದು ಮಕ್ಕಳನ್ನು ಕೇಳಿದರು. ಪೊಲೀಸರು ಸಮವಸ್ತ್ರದಲ್ಲಿ, ಆಯುಧ ಸಮೇತ ಮಕ್ಕಳೆದುರು ಕೂತದ್ದು ಬಾಲನ್ಯಾಯ ಕಾಯ್ದೆಯ ಉಲ್ಲಂಘನೆ ಎಂದು ಹೈಕೋರ್ಟು 2021ರಲ್ಲಿ ಹೇಳಿತು. 2023ರ ಜೂನಿನಲ್ಲಿ ಕಲಬುರಗಿ ಪೀಠ ಶಾಲೆಯ ಆಡಳಿತದವರ ಮೇಲಿನ ರಾಜದ್ರೋಹದ ಪ್ರಕರಣವನ್ನೇ ರದ್ದು ಮಾಡಿತು. ಮಕ್ಕಳ ಮಾತಿನಲ್ಲಿ ಹಿಂಸೆಗೆ ಪ್ರಚೋದನೆ ಇರಲಿಲ್ಲ, ಫೇಸ್‌ಬುಕ್‌ಗೆ ಹಾಕದಿದ್ದರೆ ನಾಟಕದ ಸುದ್ದಿ ಹೊರಗಿನವರಿಗೆ ಗೊತ್ತೇ ಆಗುತ್ತಿರಲಿಲ್ಲ ಎಂಬುದನ್ನು ತೀರ್ಪು ಗುರುತಿಸಿತು. ಮೂರೂವರೆ ವರ್ಷ ಹಿಡಿದ ನ್ಯಾಯ ಅದು.

ಶಾಲೆಯ ನಾಟಕ ನಡೆದ 2020ರ ಜನವರಿಯಲ್ಲೇ ಆನೆಗೊಂದಿ ಉತ್ಸವ. ಗಂಗಾವತಿ ತಾಲ್ಲೂಕಿನ ಆನೆಗೊಂದಿ ತುಂಗಭದ್ರೆಯ ಈಚೆ ದಡದಲ್ಲಿದೆ, ಎದುರಿಗೆ ಹಂಪಿ. 1997ರವರೆಗೆ ಈ ಸೀಮೆ ರಾಯಚೂರು ಜಿಲ್ಲೆಯದೇ. ಸರಕಾರವೇ ನಡೆಸಿದ ಆ ಉತ್ಸವದ ಕವಿಗೋಷ್ಠಿಯಲ್ಲಿ ಕೊಪ್ಪಳದ ಕವಿ ಸಿರಾಜ್ ಬಿಸರಳ್ಳಿ ಒಂದು ಕವಿತೆ ಓದಿದರು, ನಾಗರಿಕನಿಗೆ ದಾಖಲೆ ಕೇಳುವ ಸರಕಾರಕ್ಕೆ ಮರುಪ್ರಶ್ನೆ ಹಾಕುವ ಕವಿತೆ. ಓದಿದ್ದು ವೇದಿಕೆಯ ಮೇಲೆ, ಎಲ್ಲರೆದುರು. ವಿಡಿಯೊ ಹರಿದಾಡಿದ ಮೇಲೆ ದೂರು ದಾಖಲಾಯಿತು. ಕವಿಯ ಜೊತೆ ಅದನ್ನು ಹಂಚಿದ ಸ್ಥಳೀಯ ಪತ್ರಕರ್ತ ರಾಜಾಬಕ್ಷಿಯವರೂ ಆರೋಪಿ. ಫೆಬ್ರವರಿಯಲ್ಲಿ ಇಬ್ಬರೂ ಶರಣಾಗಿ, ಪೊಲೀಸ್ ವಶಕ್ಕೆ ಹೋಗಿ, ಜಾಮೀನು ಪಡೆದರು.

ಬೀದರಿನಲ್ಲೂ ಆನೆಗೊಂದಿಯಲ್ಲೂ ಮಾತಿಗಿಂತ ಹೆಚ್ಚಾಗಿ ಮಾತು ಸಾಗಿದ ದಾರಿಯೇ ಸಿಟ್ಟು ತರಿಸಿತು. ನಿಜಾಮನ ಕಾಲದಲ್ಲಿ ಪತ್ರಿಕೆಯನ್ನು ಗಡಿಯಲ್ಲಿ ತಡೆದರು, ಈಗ ಹಂಚಿದವನನ್ನು ಹಿಡಿಯುತ್ತಾರೆ. ಅಂದು ತಾರಾನಾಥರಿಗೆ ಹೊಳೆ ದಾಟುವ ಅವಕಾಶ ಇತ್ತು. ಇಂದು ಆನೆಗೊಂದಿಯಿಂದ ಹೊಳೆ ದಾಟಿದವನಿಗೂ ಅದೇ ಕಾಯ್ದೆ, ಅದೇ ಠಾಣೆ.

ದಾರಿಯನ್ನೇ ಮುಚ್ಚುವ ಅಧಿಕಾರದ ಮೇಲೆ ದೊಡ್ಡ ವ್ಯಾಜ್ಯಗಳು ನಡೆದದ್ದು ಬೆಂಗಳೂರಿನ ನಮ್ಮ ಹೈಕೋರ್ಟಿನಲ್ಲೇ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಬರಹ, ಖಾತೆಗಳನ್ನು ತಡೆಯಲು ಕೇಂದ್ರ ಸರಕಾರ ಕೊಟ್ಟ ಆದೇಶಗಳನ್ನು ಟ್ವಿಟರ್ ಪ್ರಶ್ನಿಸಿತ್ತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅರ್ಜಿ ವಜಾ ಮಾಡಿ ಕಂಪನಿಗೆ 50 ಲಕ್ಷ ರೂಪಾಯಿ ದಂಡ ಹಾಕಿದರು. ಆಮೇಲೆ ಸಹಯೋಗ್ ಪೋರ್ಟಲ್ ಬಂತು. ಬೇರೆ ಬೇರೆ ಇಲಾಖೆಗಳ ಅಧಿಕಾರಿಗಳು, ಪೊಲೀಸರು ಅದರ ಮೂಲಕ ಬರಹ ತೆಗೆಯಿರಿ ಎಂದು ಕಂಪನಿಗಳಿಗೆ ಸೂಚಿಸಬಹುದು. ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಯ ಆಕ್ಷೇಪವನ್ನು 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ತಳ್ಳಿಹಾಕಿದರು. ಸಿರಿವಂತ ವಿದೇಶಿ ಕಂಪನಿಯ ಬಗ್ಗೆ ನನಗೆ ಮರುಕವಿಲ್ಲ. ಚಿಂತೆ ಇರುವುದು ಮಾನ್ವಿಯಲ್ಲೋ ದೇವದುರ್ಗದಲ್ಲೋ ಕೂತು ಕಾಲುವೆ ನೀರಿನ ಬಗ್ಗೆ, ಮರಳು ದಂಧೆಯ ಬಗ್ಗೆ ಬರೆಯುವವನದು. ಅವನ ಪರವಾಗಿ ಹೈಕೋರ್ಟಿಗೆ ಹೋಗುವವರು ಯಾರು?

ಇದು ಒಂದೇ ಪಕ್ಷದ ಚಾಳಿಯೂ ಅಲ್ಲ. ಬೀದರ್ ಮತ್ತು ಆನೆಗೊಂದಿಯ ಮೊಕದ್ದಮೆಗಳ ಕಾಲಕ್ಕೆ ರಾಜ್ಯದಲ್ಲಿ ಇದ್ದದ್ದು ಬಿಜೆಪಿ ಸರಕಾರ. ತಪ್ಪು ಮಾಹಿತಿ ಹಬ್ಬಿಸಿದವರಿಗೆ ಏಳು ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಎಂಬ ಕರಡು ಮಸೂದೆ 2025ರ ಜೂನಿನಲ್ಲಿ ಹೊರಬಿದ್ದದ್ದು ಕಾಂಗ್ರೆಸ್ ಸರಕಾರದಲ್ಲಿ. ಯಾವುದು ಸುಳ್ಳು ಎಂದು ತೀರ್ಮಾನಿಸುವ ಪ್ರಾಧಿಕಾರಕ್ಕೆ ಸಚಿವರೇ ಮುಖ್ಯಸ್ಥರು ಎಂಬುದನ್ನು ಆ ಕರಡಿನಲ್ಲಿ ಓದಿದಾಗ, ಯಾವುದು ರಾಜಕೀಯ ಎಂದು ತೀರ್ಮಾನಿಸುತ್ತಿದ್ದ ನಿಜಾಮನ ಅಧಿಕಾರಿ ನನಗೆ ನೆನಪಾದ.

ಗಸ್ತಿ ನಿಶಾನ್ 53ಕ್ಕೆ ಒಂದು ಸಂಖ್ಯೆ ಇತ್ತು. ಜನರಿಗೆ ಅದು ಗೊತ್ತಿತ್ತು. ಸಂಸ್ಥಾನದ ತೆಲುಗರ ಆಂಧ್ರ ಮಹಾಸಭೆಯವರು ಆ ಸಂಖ್ಯೆಯನ್ನೇ ಹೆಸರಿಸಿ, ಅದನ್ನು ರದ್ದು ಮಾಡಿ ಎಂದು ಠರಾವು ಮಾಡಿದರು. ಇಂದು ನಮ್ಮ ಬರಹ ತೆರೆಯಿಂದ ಮಾಯವಾದರೆ ಆದೇಶ ಯಾರದು, ಕಾರಣ ಏನು ಎಂದು ಕೇಳಲು ಹೋದವನಿಗೆ 69ಎ ಕಲಮಿನಡಿ ಮಾಡಿದ 2009ರ ನಿಯಮಗಳ 16ನೇ ನಿಯಮ ಅಡ್ಡ ನಿಲ್ಲುತ್ತದೆ, ದೂರನ್ನೂ ಕ್ರಮವನ್ನೂ ಗುಟ್ಟಾಗಿಡಬೇಕು ಎನ್ನುತ್ತದೆ. ಇಂಟರ್‌ನೆಟ್ ನಿಲ್ಲಿಸುವ ಆದೇಶಗಳನ್ನು ಪ್ರಕಟಿಸಲೇಬೇಕು ಎಂದು ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಹೇಳಿದೆ. ಬರಹ ತೆಗೆಸುವ ಆದೇಶಕ್ಕೂ ಅದೇ ನಿಯಮ ಬರಲಿ. ಆದೇಶದ ಪ್ರತಿ, ಅದರ ಕಾರಣ, ಸಹಿ ಹಾಕಿದ ಅಧಿಕಾರಿಯ ಹುದ್ದೆ, ಮೇಲ್ಮನವಿಗೆ ಇರುವ ಗಡುವು, ಇವಿಷ್ಟೂ ಬರೆದವನ ಕೈಗೆ ಅವನ ಭಾಷೆಯಲ್ಲೇ ತಲುಪಬೇಕು. ಮತ ಕೇಳಲು ಬರುವ ಪ್ರತಿಯೊಬ್ಬ ಅಭ್ಯರ್ಥಿಯ ಮುಂದೆ, ಅವನು ಯಾವ ಪಕ್ಷದವನೇ ಆಗಿರಲಿ, ರಾಯಚೂರಿನ ಜನ ಈ ಬೇಡಿಕೆ ಇಡಬೇಕು.